ಕೇಳಿದ ಮೇಲೆ ಸೂತಕ

ಫೋನು ಬಂದಾಗ ಅಮ್ಮಣ್ಣಿ ಮೇಡಂ ಮೈದಾನದ ಅಂಚಿನಲ್ಲಿ ಕುಕ್ಕರುಗಾಲಲ್ಲಿ ಕೂತು ಹುಡುಗಿಯೊಬ್ಬಳ ಹೆಬ್ಬೆರಳಿಗೆ ಪಟ್ಟಿ ಸುತ್ತುತ್ತಿದ್ದರು. ಎರಡು ಸಾವಿರದ ಒಂಬತ್ತನೇ ಇಸವಿ, ನವೆಂಬರಿನ ಒಂದು ಭಾನುವಾರ. ಜಯನಗರದ ಆ ಕಾಲೇಜು ಮೈದಾನದಲ್ಲಿ ದಕ್ಷಿಣ ವಲಯದ ಮಹಿಳೆಯರ ರಗ್ಬಿ ಸೆವೆನ್ಸ್ ಪಂದ್ಯಾವಳಿಯ ಎರಡನೆಯ ದಿನ. ಇನ್ನು ಸ್ವಲ್ಪ ಹೊತ್ತಿಗೆ ಬೆಂಗಳೂರು ತಂಡಕ್ಕೂ ಕೇರಳದ ತಂಡಕ್ಕೂ ಸೆಮಿಫೈನಲ್. ಪರಿಚಯವಿಲ್ಲದ ನಂಬರು. ಯಾರೋ ಶಾಮಿಯಾನದವನಿರಬೇಕೆಂದು ಮೇಡಂ ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡರು.

“ನಮಸ್ಕಾರ್ರಿ ಮೇಡಮ್ಮಾರ. ನಾ ಮಧುಮತಿ ಮಾಮಾ ಬಸವಂತ ಮಾತಾಡೂದು, ಬಾಗಲಕೋಟಿಂದ. ನಮ್ಮಕ್ಕಗ, ಅಂದ್ರ ಆಕೀ ಅವ್ವಗ, ಜರಾ ಆರಾಮಿಲ್ರಿ. ದವಾಖಾನ್ಯಾಗ ಅದೀವಿ. ಮಧುನ್ನ ಇವತ್ತ ಊರಿಗೆ ಕಳಸ್ರಿ. ಗಾಬರಿ ಆಗೂವಂಥಾದ್ದೇನಿಲ್ಲಂತ ಹೇಳಿ ಕಳಸ್ರಿ.”

ಅವನ ಬೆನ್ನ ಹಿಂದೆ ಹೆಂಗಸರು ಅಳುವುದು ಕೇಳಿಸುತ್ತಿತ್ತು. ಒಬ್ಬರಲ್ಲ, ನಾಲ್ಕೈದು ಜನ. ಸತ್ತವರ ಗುಣ ಹಾಡಿಕೊಂಡು ಅಳುವ ಅಳು.

“ಎಲ್ಲಾರಿಗೂ ತಿಳಿಸೀವ್ರಿ. ಆಕೀ ಒಬ್ಬಾಕಿಗೇ ತಿಳಿಸೂದು ಉಳದಿತ್ತು. ಫೋನು ಹತ್ತವಲ್ತು, ಅದಕ್ಕ ಆಕೀ ಕೊಟ್ಟಿದ್ದ ನಿಮ್ಮ ನಂಬರಿಗೆ ಹಚ್ಚೀನಿ.”

“ಆಗಲಿ ಬಸವಂತ ಅವರೇ. ಕಳಿಸ್ತೀನಿ,” ಎಂದರು ಮೇಡಂ. ಫೋನು ಇಟ್ಟ ಮೇಲೆ ಪಟ್ಟಿಯ ತುದಿ ಎಲ್ಲಿ ಬಿಟ್ಟೆನೆಂದು ಅವರಿಗೆ ತಿಳಿಯಲಿಲ್ಲ.

ನಮ್ಮಲ್ಲಿ ಸಾವನ್ನು ಸಾವೆಂದು ಹೇಳುವ ಪದ್ಧತಿ ಇಲ್ಲ. ದೂರದಲ್ಲಿರುವ ಮಕ್ಕಳಿಗಂತೂ ಇಲ್ಲವೇ ಇಲ್ಲ. ಅಪ್ಪ ಹೋಗಿದ್ದರೆ ಅಪ್ಪನಿಗೆ ಸ್ವಲ್ಪ ಹುಷಾರಿಲ್ಲ ಎನ್ನಬೇಕು, ಅಜ್ಜಿ ಹೋಗಿದ್ದರೆ ಅಜ್ಜಿ ನಿನ್ನನ್ನೇ ನೆನೆಸಿಕೊಳ್ಳುತ್ತಿದ್ದಾಳೆ ಎನ್ನಬೇಕು. ಕೇಳಿಸಿಕೊಂಡವರು ದಾರಿಯುದ್ದಕ್ಕೂ ಅನುಮಾನ ಪಡುತ್ತಾ ಬಂದು ಬಾಗಿಲಲ್ಲಿ ಬೆಂಕಿ ಕಂಡ ಮೇಲೆ ಕುಸಿಯಬೇಕು. ಇದಕ್ಕೆ ಕರುಣೆ ಎಂದು ಹೆಸರು. ಮೈಸೂರು, ಬೆಂಗಳೂರು, ಬಾಗಲಕೋಟೆ ಎಂಬ ಭೇದವಿಲ್ಲದೆ ಇಡೀ ಕನ್ನಡ ನಾಡು ಇದೊಂದರಲ್ಲಿ ಏಕೀಕರಣವಾಗಿದೆ.

ಅಮ್ಮಣ್ಣಿ ಮೇಡಂಗೆ ಈ ಕರುಣೆಯ ರುಚಿ ಗೊತ್ತಿತ್ತು. ಅವರು ಮೈಸೂರಿನಲ್ಲಿ ದೈಹಿಕ ಶಿಕ್ಷಣದ ತರಬೇತಿಗೆ ಹಾಸ್ಟೆಲಿನಲ್ಲಿದ್ದಾಗ ಚಿಕ್ಕಪ್ಪ ಬಂದು, “ನಿಮ್ಮಪ್ಪನಿಗೆ ಸ್ವಲ್ಪ ಜ್ವರ, ಬಾ” ಎಂದು ರೈಲು ಹತ್ತಿಸಿದ್ದರು. ಜ್ವರದ ಬಾಯಿಗೆ ಒಳ್ಳೆಯದೆಂದು ದಾರಿಯಲ್ಲಿ ಕಿತ್ತಳೆ ಹಣ್ಣು ಕೊಂಡರೆ ಚಿಕ್ಕಪ್ಪ ಬೇಡವೆನ್ನಲಿಲ್ಲ. ಹುಳಿಯಾಗಿರಬಾರದೆಂದು ಒಂದೊಂದನ್ನೇ ಮೂಸಿ ಆರಿಸುವಾಗಲೂ ಸುಮ್ಮನೆ ನೋಡುತ್ತಾ ನಿಂತಿದ್ದರು. ಆ ಚೀಲ ಹಿಡಿದುಕೊಂಡು ಬಸವನಗುಡಿಯ ಮನೆಯ ಬೀದಿಗೆ ತಿರುಗಿದಾಗ ಅಪ್ಪನನ್ನು ಚಟ್ಟಕ್ಕೆ ಕಟ್ಟುತ್ತಿದ್ದರು. ನಲವತ್ತು ವರ್ಷದ ಮೇಲಾಯಿತು. ಇವತ್ತಿಗೂ ಅವರ ಮನೆಗೆ ಕಿತ್ತಳೆ ಬರುವುದಿಲ್ಲ.

ಹೀಗಾಗಿ ಬಸವಂತನ ಮಾತು ಮುಗಿಯುವ ಮೊದಲೇ ಅವರಿಗೆ ಅರ್ಥವಾಗಿತ್ತು. ಮಧುಮತಿಯ ತಾಯಿ ದುಂಡವ್ವ ತೀರಿಕೊಂಡಿದ್ದಾಳೆ.

ಅವರು ಎದ್ದು ನಿಂತು ಮಧುಮತಿಯನ್ನು ನೋಡಿದರು. ಅವಳು ಆ ಕಡೆ ಗೋಲಿನ ಕಂಬದ ಕೆಳಗೆ ಶೂ ಲೇಸು ಕಟ್ಟುತ್ತಾ, ತಂಡದ ನಾಯಕಿ ತನ್ಮಯಿಗೆ ಏನೋ ಹೇಳಿ ನಗಿಸುತ್ತಿದ್ದಳು. ಇಳಕಲ್ಲಿನ ಹತ್ತಿರದ ಒಂದು ಹಳ್ಳಿಯವಳು. ತಂದೆ ಇಲ್ಲ. ತಾಯಿ ಊರ ಶಾಲೆಯಲ್ಲಿ ಬಿಸಿಯೂಟ ಬೇಯಿಸಿ ಓದಿಸಿದ್ದಳು. ಈಗ ಬಿಟಿಎಂನಲ್ಲಿ ಮೂವರ ಜೊತೆ ಒಂದು ಪೀಜಿ ಕೋಣೆ, ಮಡಿವಾಳದ ಕಡೆ ಒಂದು ಸೂಪರ್ ಮಾರ್ಕೆಟ್ಟಿನಲ್ಲಿ ಬಿಲ್ ಹಾಕುವ ಕೆಲಸ. ಕಾಲೇಜಿನಲ್ಲಿ ಕಬಡ್ಡಿ ಆಡಿದವಳು. ಎದುರಿನವರ ತೊಡೆಗೆ ಕೈ ಹಾಕಿದಳೆಂದರೆ ಅವರು ನೆಲಕ್ಕೆ ಬಂದ ಹಾಗೆಯೇ. ಮೇಡಂ ಆ ತಂಡವನ್ನು ಕಟ್ಟಿದ್ದೇ ಇಂಥವರನ್ನು ಹುಡುಕಿ ಹುಡುಕಿ. ನಿವೃತ್ತರಾಗಿ ಮನೆಯಲ್ಲಿ ಕೂತವರಿಗೆ ಯಾರೋ ಒಬ್ಬ ಈ ಮೊಟ್ಟೆಯಾಕಾರದ ಚೆಂಡು ತಂದುಕೊಟ್ಟು, “ಮೇಡಂ, ಹೆಣ್ಣುಮಕ್ಕಳ ಟೀಮು ಮಾಡ್ಬೇಕಂತೆ, ನೀವೇ ನೋಡಿ” ಎಂದಿದ್ದ. ಇವರು ಬನಶಂಕರಿಯ ಖೋಖೋ ಕ್ಲಬ್ಬು, ಜೆಪಿ ನಗರದ ಕಬಡ್ಡಿ ಕೋರ್ಟು ಎಲ್ಲ ಸುತ್ತಿ ಹನ್ನೆರಡು ಹುಡುಗಿಯರನ್ನು ತಂದರು. ಚೆಂಡನ್ನು ಹಿಂದಕ್ಕೇ ಎಸೆಯಬೇಕು, ಮುಂದಕ್ಕೆ ಎಸೆಯಬಾರದು ಎಂಬ ವಿಚಿತ್ರ ಆಟವನ್ನು ಪುಸ್ತಕ ನೋಡಿ ತಾವು ಕಲಿತು ಅವರಿಗೂ ಕಲಿಸಿದರು.

ಪಂದ್ಯಾವಳಿಯ ಮೊದಲ ದಿನವೇ ಹನ್ನೆರಡರಲ್ಲಿ ಇಬ್ಬರು ಪೆಟ್ಟು ತಿಂದು ಕುಂಟುತ್ತಿದ್ದರು. ಮಧುಮತಿಯೂ ಹೋದರೆ ತಂಡದ ಬೆನ್ನುಮೂಳೆಯೇ ಹೋದಂತೆ.

ಜಯಾ ಪಕ್ಕದಲ್ಲಿ ನೀರಿನ ಬಾಟಲಿಗಳನ್ನು ಜೋಡಿಸುತ್ತಿದ್ದಳು. ಒಂದು ಕಾಲದಲ್ಲಿ ಮೇಡಂ ಶಿಷ್ಯೆ, ಈಗ ತಾನೇ ಒಂದು ಶಾಲೆಯಲ್ಲಿ ಪೀಟಿ ಟೀಚರು, ತಂಡಕ್ಕೆ ಸಹಾಯಕ್ಕೆ ಬಂದಿದ್ದಳು. ಮೇಡಂ ಮುಖ ನೋಡಿ ಹತ್ತಿರ ಬಂದಳು. ಮೇಡಂ ಕೆಳದನಿಯಲ್ಲಿ ವಿಷಯ ಹೇಳಿದರು.

“ಅಯ್ಯೋ ಶಿವನೇ. ಹೇಳಿ ಕಳಿಸಿಬಿಡೋಣ ಮೇಡಂ.”

“ಕಳಿಸಿ? ಹೋದ ಜೀವ ಎದ್ದು ಕೂರುತ್ತಾ? ಈಗ ಹೊರಟರೂ ನಾಳೆ ಮಣ್ಣಿಗೇ ಸೇರ್ಕೋಬೇಕು, ಸಾಯಂಕಾಲ ಹೊರಟರೂ ನಾಳೆ ಮಣ್ಣಿಗೇ. ಮಗಳು ಬರೋ ತನಕ ಅವರು ಎತ್ತಲ್ಲ.”

“ಒಂದ್ಸಲ ವಾಪಸ್ ಫೋನ್ ಮಾಡಿ ಕೇಳಿದ್ರೆ?”

“ಏನಂತ ಕೇಳ್ಲಿ? ಸಾವಿನ ಮನೆಗೆ ಫೋನ್ ಮಾಡಿ, ನಿಜವಾಗ್ಲೂ ಸತ್ತಿದ್ದಾರಾ ಅಂತ ಕೇಳ್ತಾರೇನೇ? ಅಳೋದು ನಾನೇ ಕೇಳಿಸ್ಕೊಂಡೆ.”

ಜಯಾ ಇನ್ನೊಂದು ಬಾಟಲಿ ಜೋಡಿಸಿದಳು. ಆದರೂ ಅವಳ ಮುಖದಲ್ಲಿ ಏನೋ ಉಳಿದಿತ್ತು. “ಸೂತಕ ಅಲ್ವಾ ಮೇಡಂ? ಮೈಗೆ ಮೈ ತಾಗಿಸಿ ಆಡೋ ಆಟ,” ಎಂದಳು.

“ಸೂತಕ ಕೇಳಿದ ಮೇಲೆ ಕಣೇ. ಕೇಳೋ ತನಕ ಯಾರಿಗೂ ಸೂತಕ ಇಲ್ಲ. ದೂರದೂರಲ್ಲಿ ಇರೋರಿಗೆ ಸುದ್ದಿ ಮುಟ್ಟಿದಾಗಿನಿಂದ್ಲೇ ಲೆಕ್ಕ. ಶಾಸ್ತ್ರಾನೇ ಹಾಗೆ ಹೇಳುತ್ತೆ,” ಎಂದರು ಮೇಡಂ. ಶಾಸ್ತ್ರವನ್ನು ಬೇಕಾದಾಗ ಮಾತ್ರ ಕರೆಯುವವರು ಅವರು. ಆವತ್ತು ಕರೆದರು, ಅದೂ ಬಂದು ನಿಂತಿತು.

ಅವರು ತಮ್ಮಷ್ಟಕ್ಕೆ ಹೇಳಿಕೊಂಡದ್ದು ಇಷ್ಟು. ಇವತ್ತೊಂದು ದಿನ ಈ ಹುಡುಗಿಗೆ ತಾಯಿ ಇರಲಿ. ನಗುನಗುತ್ತಾ ಆಡಲಿ. ಆಟ ಮುಗಿದ ಮೇಲೆ ನಾನೇ ಕೂರಿಸಿಕೊಂಡು, ಹುಷಾರಿಲ್ಲ ಗಿಷಾರಿಲ್ಲ ಎಂಬ ಸುಳ್ಳಿಲ್ಲದೆ ನೇರ ಹೇಳುತ್ತೇನೆ. ನನಗಾದದ್ದು ಇವಳಿಗೆ ಆಗುವುದು ಬೇಡ. ಇದರಲ್ಲಿ ಸುಳ್ಳೇನೂ ಇರಲಿಲ್ಲ. ಆದರೆ ಅಮ್ಮಣ್ಣಿ ಮೇಡಂಗೆ ಕಪ್ಪೂ ಬೇಕಿತ್ತು. ಅರವತ್ತು ದಾಟಿದ ಮೇಲೆ ಸಿಕ್ಕ ಮೊದಲ ತಂಡ, ಸ್ವಂತ ಜಯನಗರದಲ್ಲಿ ನಡೆದ ಪಂದ್ಯ. ಅದು ಬೇಡವಾಗಿತ್ತೆಂದು ಹೇಳಿದರೆ ಅವರೇ ಒಪ್ಪುತ್ತಿರಲಿಲ್ಲ. ಎರಡೂ ಬಯಕೆ ಒಂದೇ ದಾರಿ ತೋರಿಸುವಾಗ ಮನುಷ್ಯನಿಗೆ ತನ್ನ ಒಳ್ಳೆಯತನದ ಮೇಲೆ ಬಹಳ ನಂಬಿಕೆ ಬರುತ್ತದೆ.

ಸೆಮಿಫೈನಲ್ ಸಲೀಸಾಗಿ ಗೆದ್ದರು. ಏಳೇಳು ಜನರ ತಂಡ, ಏಳೇಳು ನಿಮಿಷದ ಎರಡು ಅವಧಿ. ನಿಟ್ಟುಸಿರು ಬಿಡುವುದರೊಳಗೆ ಮುಗಿಯುವ ಆಟ. ಕೇರಳದ ಹುಡುಗಿಯರು ಓಟದಲ್ಲಿ ಚುರುಕಾಗಿದ್ದರು, ಆದರೆ ಮಧುಮತಿಯನ್ನು ದಾಟಿ ಹೋಗುವುದು ಅವರಿಂದಾಗಲಿಲ್ಲ. ಅವಳು ಬೀಳಿಸಿ, ಎದ್ದು, ಮತ್ತೊಬ್ಬಳನ್ನು ಬೀಳಿಸುತ್ತಿದ್ದಳು. ಬೀಳಿಸಿದವರಿಗೆ ಕೈ ಕೊಟ್ಟು ಎಬ್ಬಿಸುತ್ತಲೂ ಇದ್ದಳು. ಪ್ರತಿ ಸಲ ಅವಳು ನೆಲಕ್ಕೆ ಬಿದ್ದಾಗ ಮೇಡಂ ಗೆರೆಯ ತನಕ ಬಂದು ನಿಲ್ಲುತ್ತಿದ್ದರು.

ಮಧ್ಯಾಹ್ನ ಶಾಮಿಯಾನದ ಕೆಳಗೆ ಚಿತ್ರಾನ್ನ, ಮೊಸರನ್ನದ ಪೊಟ್ಟಣ ಹಂಚಿದರು. ಮಧುಮತಿ ತಿಂದು ಕೈ ತೊಳೆದು ಮೇಡಂ ಹತ್ತಿರ ಬಂದು ನಿಂತಳು. ಪಂದ್ಯಾವಳಿ ಮುಗಿಯುವ ತನಕ ಹುಡುಗಿಯರ ಮೊಬೈಲುಗಳೆಲ್ಲ ಆಫ್ ಆಗಿ ಮೇಡಂ ಹೆಗಲಿನ ಬಟ್ಟೆ ಚೀಲದಲ್ಲಿರಬೇಕು ಎಂಬುದು ಅವರದೇ ಕಟ್ಟಪ್ಪಣೆ. ಆಟದ ಮಧ್ಯೆ ಮೆಸೇಜು ಕುಟ್ಟುವವರನ್ನು ಕಂಡರೆ ಅವರಿಗೆ ಮೈಯೆಲ್ಲ ಉರಿ.

“ಮೇಡಂ, ನನ್ನ ಫೋನು ಒಂದೀಟು ಕೊಡ್ರಿ. ಅವ್ವಗ ಹೇಳಿ ಇಟ್ಟುಬಿಡ್ತೀನಿ. ಸೆಮಿಫೈನಲ್ ಗೆದ್ವಿ ಅಂತ ಅಷ್ಟ.”

ಮೇಡಂ ಚೀಲವನ್ನು ಮೈಗೆ ಒತ್ತಿಕೊಂಡರು. “ಈಗ ಬೇಡಮ್ಮ.”

“ಎರಡು ಮಿನಿಟ್ರಿ ಮೇಡಂ. ನಿನ್ನೀನೂ ಮಾತಾಡಿಲ್ಲ. ಆಕೀ ಹೊಟ್ಟಿ ನೋವು ಅಂತಿದ್ಲು ಮೊನ್ನೆ.”

“ಫೈನಲ್ ಆಗ್ಲಿ ಕಣೇ. ಆಮೇಲೆ ಪೂರ್ತಿ ಹೇಳುವೆಯಂತೆ.”

ಮಧುಮತಿ ತಲೆ ಆಡಿಸಿ ಹೋದಳು. ಎದುರು ಮಾತಾಡುವ ಹುಡುಗಿಯಲ್ಲ. ಅವಳು ಹೋದ ಮೇಲೆ ಮೇಡಂ ಮೊಸರನ್ನದ ಪೊಟ್ಟಣವನ್ನು ಹಾಗೆಯೇ ಮಡಚಿ ಜಯಾ ಕೈಗೆ ಕೊಟ್ಟರು.

ಫೈನಲ್ ಚೆನ್ನೈ ತಂಡದ ಮೇಲೆ. ಅಷ್ಟು ಹೊತ್ತಿಗೆ ಜನ ಸೇರಿದ್ದರು. ವಾಕಿಂಗಿಗೆ ಬಂದ ಹಿರಿಯರು, ಗಾಡಿ ನಿಲ್ಲಿಸಿ ಕಾಂಪೌಂಡಿನ ಮೇಲೆ ಹತ್ತಿದ ಹುಡುಗರು. ಹೆಣ್ಣುಮಕ್ಕಳು ಹೀಗೂ ಒಬ್ಬರ ಮೇಲೊಬ್ಬರು ಬೀಳುತ್ತಾರೆಯೇ ಎಂದು ಬಾಯಿಬಿಟ್ಟುಕೊಂಡು ನೋಡುತ್ತಿದ್ದರು. ಎದುರಾಳಿಯ ಗೆರೆ ದಾಟಿ ಚೆಂಡನ್ನು ನೆಲಕ್ಕೆ ಒತ್ತಿದರೆ ಐದು ಅಂಕ. ಅದಕ್ಕೆ ಟ್ರೈ ಎನ್ನುತ್ತಾರೆ. ಆಮೇಲೆ ಚೆಂಡನ್ನು ಕಂಬಗಳ ನಡುವೆ ಒದ್ದರೆ ಇನ್ನೆರಡು. ಚೆನ್ನೈನವರದು ಎರಡು ಟ್ರೈ ಆಗಿ ಹತ್ತು ಅಂಕ. ತನ್ಮಯಿ ಒಂದು ಟ್ರೈ ಮಾಡಿ ಅವಳೇ ಒದ್ದು ಬೆಂಗಳೂರಿಗೆ ಏಳು ತಂದಿದ್ದಳು. ಇನ್ನೊಂದು ಟ್ರೈ ಸಿಕ್ಕರೆ ಕಪ್ಪು ಜಯನಗರದ್ದು.

ಕೊನೆಯ ನಿಮಿಷದಲ್ಲಿ ಚೆಂಡು ಮಧುಮತಿಗೆ ಸಿಕ್ಕಿತು. ಬಲಗಡೆಯ ಅಂಚಿನಲ್ಲಿ ಓಡಿದಳು. ಒಬ್ಬಳನ್ನು ತಳ್ಳಿದಳು, ಇನ್ನೊಬ್ಬಳನ್ನು ತಪ್ಪಿಸಿದಳು. ಗೆರೆ ಎರಡು ಮಾರು ದೂರವಿದ್ದಾಗ ಹಿಂದಿನಿಂದ ಬಂದವಳು ಅವಳ ಸೊಂಟ ಹಿಡಿದಳು, ಮತ್ತೊಬ್ಬಳು ಕಾಲು. ಬೀಳುತ್ತಾ ಮಧುಮತಿ ಇಡೀ ಮೈಯನ್ನು ಚಾಚಿ ಗೆರೆ ದಾಟಿಸಿ ಕೈ ಇಟ್ಟಳು.

ಖಾಲಿ ಕೈ. ಚೆಂಡು ಇನ್ನೊಂದು ಕಂಕುಳಲ್ಲಿ, ಗೆರೆಯ ಈಚೆ ಇತ್ತು.

ಕಬಡ್ಡಿಯಲ್ಲಿ ಅದು ಸಾಕು. ಹಿಡಿದವರೆಲ್ಲ ಮೈಮೇಲಿದ್ದರೂ ಬೆರಳ ತುದಿ ಗೆರೆ ದಾಟಿದರೆ ಅಷ್ಟೂ ಜನ ಔಟು. ಹತ್ತು ವರ್ಷ ಆಡಿದ ಮೈಗೆ ಹತ್ತು ತಿಂಗಳ ಪಾಠ ಆ ಗಳಿಗೆಯಲ್ಲಿ ನೆನಪಾಗಲಿಲ್ಲ. ಹೊತ್ತು ಮುಗಿಯಿತೆಂದು ರೆಫರಿ ಸೀಟಿ ಊದಿದ. ಚೆನ್ನೈನ ಹುಡುಗಿಯರು ಕುಣಿಯತೊಡಗಿದರು. ಮಧುಮತಿ ಗೆರೆಯ ಮೇಲೆ ಚಾಚಿದ್ದ ತನ್ನ ಕೈಯನ್ನೇ ನೋಡುತ್ತಾ ಮಲಗಿದ್ದಳು.

ಆಮೇಲೆ ಅವಳು ಮೇಡಂ ಹತ್ತಿರ ಬಂದಳು. ಮುಖದಲ್ಲಿ ಮಣ್ಣು, ಕಣ್ಣೀರು. “ತಪ್ಪಾತ್ರಿ ಮೇಡಂ. ನೀವು ಎಷ್ಟ ಸಲ ಹೇಳಿದ್ರಿ, ಕೈ ಅಲ್ಲ ಚೆಂಡು ಅಂತ. ನನ್ನಿಂದ ಎಲ್ಲಾರದ್ದೂ ಹೋತು,” ಎಂದು ಬಿಕ್ಕಿ ಬಿಕ್ಕಿ ಅತ್ತಳು. ಮೇಡಂ ಅವಳ ತಲೆ ಸವರಿದರು. ಇಂಥ ಸಣ್ಣ ವಿಷಯಕ್ಕೆ ಈ ಹುಡುಗಿ ಅಳುವುದು ಇದೇ ಕೊನೆ ಎಂದುಕೊಂಡರು. “ಹೋಗು, ಮುಖ ತೊಳ್ಕೊಂಡು ಬಾ. ನಿನ್ನ ಹತ್ರ ಮಾತಾಡ್ಬೇಕು,” ಎಂದರು.

ಹೇಳುವ ಮೊದಲು ಊರಿನಲ್ಲಿ ಮಣ್ಣು ಎಷ್ಟು ಹೊತ್ತಿಗೆಂದು ತಿಳಿದುಕೊಳ್ಳಬೇಕಿತ್ತು. ಮೇಡಂ ಶಾಮಿಯಾನದ ಹಿಂದೆ, ಪೇರಿಸಿದ ಪ್ಲಾಸ್ಟಿಕ್ ಕುರ್ಚಿಗಳ ಮರೆಗೆ ಹೋಗಿ ಬೆಳಗಿನ ನಂಬರಿಗೆ ಫೋನು ಮಾಡಿದರು.

“ಬಸವಂತ ಅವರೇ, ನಾನು ಅಮ್ಮಣ್ಣಿ. ಬೆಂಗಳೂರಿಂದ. ಆಗಬಾರದ್ದು ಆಗ್ಹೋಯ್ತು, ಏನೂ ಮಾಡಕ್ಕಾಗಲ್ಲ. ಮಣ್ಣು ಯಾವಾಗ ಇಟ್ಕೊಂಡಿದ್ದೀರಿ ಅಂತ ಕೇಳೋಣ ಅಂತ.”

“ಯಾರ ಮಣ್ಣ್ರಿ?”

ಮೇಡಂ ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದರು.

“ಯಾರ ಮಣ್ಣು ಕೇಳಾಕತ್ತೀರಿ? ನಮ್ಮಕ್ಕ ಜೀವಂತ ಅದಾಳ್ರಿ. ಮಧು ಎಲ್ಲೆದಾಳ? ಹೊಸಪೇಟಿ ದಾಟಿರಬೇಕಲ್ರಿ ಇಷ್ಟೊತ್ತಿಗೆ? ಫೋನ್ ಆಫ್ ಬರಾಕತ್ತೈತಿ, ಬಸ್ಸಿನ್ಯಾಗ ಸಿಗ್ನಲ್ ಇಲ್ಲಂತ ನಾ ಸುಮ್ಮನದೀನಿ.”

“ಬೆಳಿಗ್ಗೆ… ಅಳ್ತಾ ಇದ್ರಲ್ಲ?”

“ಅದು ಬಾಜೂ ಕಾಟಿನವರ್ದ್ರಿ. ಅವರ ಮುದುಕ ಹೋಗಿದ್ದ. ಮೇಡಂ, ನಮ್ಮಕ್ಕನ ಕರಳಿಗೆ ತೂತು ಬಿದ್ದೈತಂತ, ಮೈಯೆಲ್ಲಾ ನಂಜೇರೈತಂತ ಡಾಕ್ಟರು ಹೇಳ್ಯಾರ. ಮಧ್ಯಾಹ್ನ ತನಕಾ ಮಾತಾಡ್ತಿದ್ಲು. ಮಧು ಬಂದ್ಲೇನು, ಮಧು ಬಂದ್ಲೇನು ಅಂತ ಅದೊಂದ. ಬರಾಕತ್ಯಾಳ ತಡಿ ಅಂತ ನಾ ಹೇಳ್ಕೋತ ಬಂದೀನ್ರಿ. ಈಗ ಮಾತಿಲ್ಲ.”

ಮೇಡಂ ಅಲ್ಲೇ ನೆಲದ ಮೇಲೆ ಕೂತುಬಿಟ್ಟರು. ತಾನೊಂದು ಬಗೆದರೆ ದೈವವೊಂದು ಬಗೆಯಿತು ಎನ್ನೋಣವೆಂದರೆ, ಇದರಲ್ಲಿ ದೈವದ ಪಾಲು ಎಲ್ಲಿತ್ತು? ಬಸವಂತ ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದ. ಅವನು ಸುಳ್ಳಾಡುತ್ತಿದ್ದಾನೆಂದು ಊಹಿಸಿಕೊಂಡು, ಆ ಸುಳ್ಳನ್ನು ಕ್ಷಮಿಸಿ, ಅದರ ಹಿಂದಿನ ಸಾವನ್ನು ತಾವೇ ಕಟ್ಟಿ ನಿಲ್ಲಿಸಿದ್ದರು. ಹೆಗಲಿನ ಚೀಲ ತೊಡೆಯ ಮೇಲೆ ಭಾರವಾಗಿ ಬಿದ್ದಿತ್ತು.

ಮಧುಮತಿ ಮುಖ ತೊಳೆದು ಬಂದು ಅವರನ್ನು ಅಲ್ಲಿಯೇ ಕಂಡಳು. “ಯಾಕ್ರಿ ಮೇಡಂ? ತಲಿ ತಿರುಗ್ತೇನ್ರಿ?” ಎಂದು ಎಬ್ಬಿಸಲು ಕೈ ಕೊಟ್ಟಳು.

ಮೇಡಂ ಆ ಕೈಯನ್ನು ಹಿಡಿದುಕೊಂಡೇ ಹೇಳಿದರು. “ಮಧು, ನಿಮ್ಮಮ್ಮನಿಗೆ ಹುಷಾರಿಲ್ಲ ಕಣಮ್ಮ. ಬಾಗಲಕೋಟೆ ಆಸ್ಪತ್ರೆಲಿದ್ದಾರೆ. ನಿಮ್ಮ ಮಾಮ ಫೋನ್ ಮಾಡಿದ್ರು. ಈಗ್ಲೇ ಹೊರಡ್ಬೇಕು.”

ಹುಡುಗಿ ಅವರ ಕೈ ಬಿಟ್ಟಳು. ಆಮೇಲೆ ಅವಳ ಬಾಯಿಂದ “ಯವ್ವಾ” ಎಂದು ಹೊರಟ ಕೂಗಿಗೆ ಬಹುಮಾನದ ಮೇಜಿನ ಹತ್ತಿರವಿದ್ದವರೆಲ್ಲ ತಿರುಗಿ ನೋಡಿದರು. ಅವಳು ಕುಸಿದು ನೆಲಕ್ಕೆ ಹಣೆ ಬಡಿಯತೊಡಗಿದಳು. ತನ್ಮಯಿ, ಜಯಾ ಓಡಿ ಬಂದರು.

“ಇಲ್ಲ ಕಣೇ, ಇಲ್ಲ! ಬದುಕಿದ್ದಾರೆ! ನಿಜವಾಗ್ಲೂ ಬದುಕಿದ್ದಾರೆ!” ಮೇಡಂ ಅವಳ ಭುಜ ಹಿಡಿದು ಅಲುಗಿಸಿದರು.

“ಎಲ್ಲಾರೂ ಹಂಗ ಅಂತಾರ್ರೀ ಮೇಡಂ. ಅಪ್ಪ ಹೋದಾಗೂ ಹಂಗ ಅಂದಿದ್ರು. ಆರಾಮಿಲ್ಲ ಬಾ ಅಂತ ಸಾಲಿಂದ ಕರಕೊಂಡು ಹೋಗಿದ್ರು.”

“ನನ್ನಾಣೆ ಕಣೇ. ದೇವರಾಣೆ.”

ಅವಳು ನಂಬಲಿಲ್ಲ. ಯಾಕೆ ನಂಬಬೇಕು? ಬೆಳಿಗ್ಗೆ ಮೇಡಂ ನಂಬಿದ್ದರೇ? ಕೊನೆಗೆ ಜಯಾ ಫೋನು ಕಿತ್ತುಕೊಂಡು ಬಸವಂತನಿಗೆ ಮಾಡಿ, “ಅವರಮ್ಮನ ಹತ್ರ ಹಿಡೀರಿ ಅಣ್ಣಾ, ಬಾಯಿ ಹತ್ರ ಹಿಡೀರಿ” ಎಂದು ಮಧುಮತಿಯ ಕಿವಿಗೆ ಒತ್ತಿದಳು. ಮಾತೇನೂ ಬರಲಿಲ್ಲ. ಉಸಿರು ಮಾತ್ರ ಬರುತ್ತಿತ್ತು, ಗೊರಗೊರ ಎಂದು, ನಿಂತು ನಿಂತು. ಪಕ್ಕದಲ್ಲಿದ್ದ ಮೇಡಂಗೂ ಕೇಳಿಸಿತು. ಹುಡುಗಿ ಅಳು ನಿಲ್ಲಿಸಿ, ಎರಡೂ ಕೈಯಲ್ಲಿ ಫೋನು ಹಿಡಿದು ಕೇಳಿದಳು.

“ಯವ್ವಾ, ನಾ ಮಧು. ಬರಾಕತ್ತೀನಿ. ಹೋಗಬ್ಯಾಡ. ನಾ ಬರೂತನಕ ಹೋಗಬ್ಯಾಡ.”

ಪಂದ್ಯಾವಳಿಯವರು ತಂಡಗಳನ್ನು ಕರೆತರಲು ಗೊತ್ತುಮಾಡಿದ್ದ ಸುಮೋ ಒಂದು ಅಲ್ಲೇ ನಿಂತಿತ್ತು. ಮೇಡಂ ಯಾರನ್ನೂ ಕೇಳದೆ ಡ್ರೈವರನ್ನು ಎಬ್ಬಿಸಿ ಬಾಗಲಕೋಟೆಗೆ ಹೊರಡಿಸಿದರು. ತಾವೂ ಹತ್ತಲು ಹೋದಾಗ ಮಧುಮತಿ ಬಾಗಿಲಿಗೆ ಕೈ ಅಡ್ಡ ಇಟ್ಟಳು. ಆಟದ ಬಟ್ಟೆಯಲ್ಲೇ ಇದ್ದಳು.

“ಮಾಮಾಂದು ಫೋನು ಯಾವಾಗ ಬಂದಿತ್ರಿ ಮೇಡಂ?”

ಸುಳ್ಳು ಹೇಳಬಹುದಿತ್ತು. ಈಗ ತಾನೇ ಎನ್ನಬಹುದಿತ್ತು. ಜಯಾ ಕೂಡ ಹಾಗೇ ಹೇಳಿಬಿಡಿ ಎನ್ನುವಂತೆ ನೋಡುತ್ತಿದ್ದಳು. ಅದೂ ಒಂದು ಕರುಣೆಯೇ.

“ಬೆಳಿಗ್ಗೆ,” ಎಂದರು ಮೇಡಂ. “ಸೆಮಿಫೈನಲ್‌ಗೆ ಮುಂಚೆ. ತೀರಿಕೊಂಡಿದ್ದಾರೆ ಅಂತಲೇ ತಿಳ್ಕೊಂಡೆ ಕಣಮ್ಮ. ಆಟ ಮುಗಿದ ಮೇಲೆ ಹೇಳೋಣ ಅಂತ ಇಟ್ಕೊಂಡೆ.”

ಮಧುಮತಿ ಅವರನ್ನೇ ನೋಡಿದಳು. ಬೈಯಲಿಲ್ಲ. “ನೀವು ಬರಬ್ಯಾಡ್ರಿ,” ಎಂದಳು, ಅಷ್ಟೇ. ಮೇಡಂ ಹಿಂದೆ ಸರಿದರು. ಚೀಲದಿಂದ ಅವಳ ಮೊಬೈಲು ಹುಡುಕಿ ಕೊಟ್ಟರು. ಜಯಾ ಹತ್ತಿದಳು. ಸುಮೋ ಗೇಟು ದಾಟಿ ಹೋಯಿತು.

ಮನೆಯಲ್ಲಿ ಗಂಡ ಜಯಸಿಂಹ ತಟ್ಟೆ ಹಾಕಿ ಕಾದಿದ್ದರು. ಸೋತಿದ್ದಕ್ಕೆ ಹೀಗೆ ಕೂತಿದ್ದಾಳೆಂದು ತಿಳಿದು, “ಮುಂದಿನ ವರ್ಷ ಇದ್ದೇ ಇದೆ, ಊಟ ಮಾಡು” ಎಂದರು. ಮೇಡಂ ನಡೆದದ್ದನ್ನೆಲ್ಲ ಹೇಳಿದರು. ಅವರಿಗೂ ಆಮೇಲೆ ಊಟ ಸೇರಲಿಲ್ಲ.

ಅನ್ನ ಆರುತ್ತಿದ್ದ ಹೊತ್ತಿಗೆ ಬಸವಂತನ ಫೋನು ಬಂತು. ಈ ಸಲವೂ ಅವನು ಸುತ್ತಿ ಬಳಸಲಿಲ್ಲ.

“ಅಕ್ಕ ಹೋದ್ಲ್ರಿ ಮೇಡಂ. ನಿಮಗ ಸೀದಾ ಹೇಳ್ತೀನಿ. ಮಧುಗ ಹೇಳಬ್ಯಾಡ್ರಿ, ಇನ್ನಾ ಅರ್ಧ ದಾರೀನೂ ಬಂದಿಲ್ಲ. ಆಕೀಗೆ ಅವ್ವ ಸುಧಾರಿಸ್ಯಾಳ, ಮಲಗ್ಯಾಳ ಅಂತ ಹೇಳೀನಿ. ಬಂದ ಮ್ಯಾಲ ಹೆಂಗೂ ನೋಡ್ತಾಳ.”

ಮೇಡಂ ಆಗಲಿ ಎಂದೂ ಅನ್ನಲಿಲ್ಲ, ಇಲ್ಲ ಎಂದೂ ಅನ್ನಲಿಲ್ಲ. ಫೋನು ಇಟ್ಟು ಗೋಡೆ ನೋಡುತ್ತಾ ಕೂತರು. ರಾತ್ರಿಯ ತನಕ ಇದ್ದಳು ಆ ತಾಯಿ. ಬೆಳಿಗ್ಗೆ ಬಸ್ಸು ಹತ್ತಿಸಿದ್ದರೆ ಹುಡುಗಿ ಈ ಹೊತ್ತಿಗೆ ಆಕೆಯ ತಲೆದೆಸೆಯಲ್ಲಿ ಇರುತ್ತಿದ್ದಳು. ಇದಕ್ಕೆ ಲೆಕ್ಕ ಬೇಡ, ಸಮಾಧಾನವೂ ಇಲ್ಲ.

ಮತ್ತೆ ಫೋನು ಹೊಡೆದುಕೊಂಡಿತು. ಮಧುಮತಿ.

“ಮೇಡಂ.” ಹಿಂದೆ ಲಾರಿಗಳ ಸದ್ದು ಕೇಳುತ್ತಿತ್ತು. “ಮಾಮಾ ಫೋನ್ ಮಾಡಿದ್ರು. ಅವ್ವ ಈಗ ಸುಧಾರಿಸ್ಯಾಳಂತ, ಮಲಗ್ಯಾಳಂತ. ಜಯಾ ಅಕ್ಕನೂ ಹೂಂ ಅನ್ನಾಕತ್ತಾರ. ನನಗ ಯಾರ ಮಾತು ನಂಬಬೇಕು ತಿಳೀವಲ್ತು. ನೀವು ಆಗ ಬೆಳಿಗ್ಗೆ ಅಂತ ಖರೇ ಹೇಳಿದ್ರಲ್ಲ, ಕೇಳಿದ ಕೂಡಲೇ? ಅದಕ್ಕ ನಿಮಗ ಕೇಳಾಕತ್ತೀನಿ. ಹೇಳ್ರಿ.”

ಜಯಸಿಂಹ ಬೇಡ ಎಂದು ಕೈ ಆಡಿಸಿದರು. ಕತ್ತಲು, ಹೆದ್ದಾರಿ, ಇನ್ನೂ ಅಷ್ಟು ದೂರದ ದಾರಿ. ಬೇಡ ಎನ್ನುವುದಕ್ಕೆ ಬೆಳಿಗ್ಗೆ ಇದ್ದಷ್ಟೇ ಒಳ್ಳೆಯ ಕಾರಣಗಳಿದ್ದವು.

“ಇಲ್ಲ ಮಧು,” ಎಂದರು ಮೇಡಂ. “ನಿಮ್ಮಮ್ಮ ಹೋಗ್ಬಿಟ್ರು ಕಣಮ್ಮ. ಈಗ ಸ್ವಲ್ಪ ಹೊತ್ತಿಗೆ ಮುಂಚೆ.”

ಅವಳು ಕೂಗಲಿಲ್ಲ. ಜಯಾ ಏನೋ ಕೇಳಿದ್ದು, ಡ್ರೈವರು ಗಾಡಿ ಪಕ್ಕಕ್ಕೆ ಹಾಕಿದ್ದು ಕೇಳಿಸಿತು. ಆಮೇಲೆ ಸಣ್ಣಗೆ, ಒಳಗೊಳಗೇ ಅಳುವ ಸದ್ದು. ಮೇಡಂ ಫೋನು ಇಡಲಿಲ್ಲ. ಅವಳೂ ಇಡಲಿಲ್ಲ.

ಬಹಳ ಹೊತ್ತಿನ ಮೇಲೆ ಅವಳು ಕೇಳಿದಳು. “ಬೆಳಿಗ್ಗೇನ ಹೇಳಿದ್ರ ನಾ ಅವ್ವನ ಮಾರಿ ನೋಡ್ತಿದ್ನಲ್ರೀ ಮೇಡಂ?”

“ಹೌದು ಕಣಮ್ಮ,” ಎಂದರು ಅಮ್ಮಣ್ಣಿ. “ನೋಡ್ತಿದ್ದೆ.”